ಪಾರ್ಶ್ವವಾಯು: ಗೃಹಪುನಶ್ಚೇತನದಲ್ಲಿ ಮೊಬೈಲ್ ಫೋನಿನ ನೆರವು

ಮೆದುಳಿನ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುವುದರಿಂದಾಗಲಿ ಒಡೆದು ಸ್ರವಿಸುವುದರಿಂದಾಗಲಿ ಸಂಭವಿಸುವ ಪಾರ್ಶ್ವವಾಯುವಿನಿಂದ ಬದುಕುಳಿದು ಮನೆಗೆ ಮರಳಿದವರು, ಸ್ನಾನ, ಭೋಜನ, ವಸ್ತ್ರಧಾರಣೆ, ಸಂಚಾರ ಮೊದಲಾದ ನಿತ್ಯಕರ್ಮಗಳನ್ನು ಪುನಃ ಸ್ವತಃ ನಿರ್ವಹಿಸಲು ಶಕ್ತರಾಗುವಂತೆ, ದೂರದಲ್ಲಿರುವ ಚಿಕಿತ್ಸಕರು ಮೊಬೈಲ್ ಫೋನಿನ ಮೂಲಕ ಅವರಿಗೂ ಅವರ ಮನೆಯವರಿಗೂ ನೀಡುವ ಕ್ರಮಬದ್ಧವಾದ ನೆರವು.

ತತ್ತ್ವ: ಹಾನಿಗೊಂಡ ಮೆದುಳು ಪುನಃಪುನಃ ಮಾಡಿದ ಅಭ್ಯಾಸದಿಂದ ತನ್ನ ನರಮಾರ್ಗಗಳನ್ನು ಕೆಲಮಟ್ಟಿಗೆ ಹೊಸದಾಗಿ ಹೊಂದಿಸಿಕೊಳ್ಳಬಲ್ಲುದು, ಆದರೆ ರೋಗಿಗೆ ಅರ್ಥವಿಲ್ಲದ ವ್ಯಾಯಾಮವು ಬಹುಕಾಲ ನಡೆಯದು. ಆದುದರಿಂದ ವ್ಯಕ್ತಿಕೇಂದ್ರಿತ ಪದ್ಧತಿಯಲ್ಲಿ ಸಾಧಿಸಬೇಕಾದ ಗುರಿಯನ್ನು ಗೊತ್ತುಮಾಡತಕ್ಕವರು ರೋಗಿಗಳೇ. 1991ರಲ್ಲಿ ಕೆನಡಾದಲ್ಲಿ ಪ್ರಕಟವಾದ ಒಂದು ಮಾಪನಕ್ರಮದಲ್ಲಿ ರೋಗಿಯು ತನಗೆ ಮುಖ್ಯವೆನಿಸಿದ ಕಾರ್ಯಗಳನ್ನು ಹೆಸರಿಸಿ, ಅವುಗಳ ನಿರ್ವಹಣೆಗೂ ಅದರಿಂದ ತನಗಾದ ತೃಪ್ತಿಗೂ ಹತ್ತರವರೆಗೆ ಅಂಕವಿಡುವನು. ಈ ಕ್ಷೇತ್ರದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಉಗಾಂಡದ ಪ್ರಯೋಗ: ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆ ಹಾಗೂ ಕಂಪಾಲದ ಮಕೆರೆರೆ ವಿಶ್ವವಿದ್ಯಾಲಯಗಳ ಸಂಶೋಧಕರು ರೂಪಿಸಿದ ‘ಫೇಸ್’ ಎಂಬ ಯೋಜನೆಯು ಈ ವಿಧಾನಕ್ಕೆ ಉತ್ತಮ ನಿದರ್ಶನವಾಗಿದೆ. ರೋಗಿಯು ಮೂರು ಕಾರ್ಯಗಳನ್ನು ಆರಿಸಿಕೊಂಡು, ಗುರಿ, ಯೋಜನೆ, ಕ್ರಿಯೆ, ಪರಿಶೀಲನೆ ಎಂಬ ನಾಲ್ಕು ಹಂತಗಳಲ್ಲಿ ಅಭ್ಯಾಸಮಾಡಬೇಕು. ಉದಾಹರಣೆಗೆ, ಅಂಗಿ ತೊಡುವುದೇ ಗುರಿಯಾದರೆ, ಸ್ಥಿರವಾದ ಆಸನದಲ್ಲಿ ಕುಳಿತು, ಅಂಗಿಯನ್ನು ತೊಡೆಯ ಮೇಲೆ ಹರಡಿ, ಸೋತ ಕೈಯನ್ನು ಮೊದಲು ತೋಳಿನೊಳಗೆ ಸೇರಿಸಿ, ಬಳಿಕ ಸ್ವಸ್ಥವಾದ ಕೈಯನ್ನು ತೂರಿಸುವುದೂ, ಕಳಚುವಾಗ ಈ ಕ್ರಮವನ್ನು ತಿರುಗಿಸುವುದೂ ಯೋಜನೆಯಾಗುತ್ತದೆ. ಪ್ರತಿದಿನವೂ ಗುರಿಯನ್ನು ನೆನಪಿಸುವ ಕಿರುಸಂದೇಶ ಬರುತ್ತದೆ. ಆ ದಿನದ ಸಾಧನೆಯನ್ನು ರೋಗಿಯು ಅಂಕದ ಮೂಲಕ ತಿಳಿಸುತ್ತಾನೆ. ಅಂಕ ತೀರ ಕೆಳಗಿಳಿದರೆ, ಇಲ್ಲವೆ ಉತ್ತರವೇ ಬಾರದಿದ್ದರೆ, ನಿತ್ಯಕರ್ಮಗಳ ಅಭ್ಯಾಸ ಮಾಡಿಸುವ ಔದ್ಯೋಗಿಕ ಚಿಕಿತ್ಸಕರು ಅದನ್ನರಿತು ಕರೆಮಾಡಿ ತೊಡಕೇನೆಂದು ವಿಚಾರಿಸುತ್ತಾರೆ. ದುಬಾರಿಯಾದ ಸ್ಮಾರ್ಟ್‌ಫೋನನ್ನು ಅಪೇಕ್ಷಿಸದೆ ಸಾಮಾನ್ಯ ಫೋನಿನಲ್ಲಿಯೇ ನಡೆಯುವುದು ಇದರ ವಿಶೇಷ. 28 ಮಂದಿಯನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಪ್ರಾಥಮಿಕ ಅಧ್ಯಯನವು ಈ ಕ್ರಮವು ಕಾರ್ಯಸಾಧ್ಯವೆಂದು ತೋರಿಸಿತು. ಇಷ್ಟು ಕಿರಿದಾದ ಪರೀಕ್ಷೆಯನ್ನು ಅಂತಿಮ ಪ್ರಮಾಣವೆಂದು ಎಣಿಸಲಾಗದು.

ಭಾರತದಲ್ಲಿ: ಆರೈಕೆದಾರರ ಸಹಾಯದೊಡನೆ ಸ್ಮಾರ್ಟ್‌ಫೋನಿನಲ್ಲಿ ಶಿಕ್ಷಣ ನೀಡುವ ‘ಕೇರ್ ಫಾರ್ ಸ್ಟ್ರೋಕ್’ ಎಂಬ ಕಾರ್ಯಕ್ರಮವನ್ನು ನಮ್ಮ ದೇಶದಲ್ಲಿ ರೂಪಿಸಿ ಪರೀಕ್ಷಿಸಲಾಗಿದೆ. ಇದಕ್ಕೆ ಪೂರಕವಾಗಿ ಸ್ಮರಿಸಬೇಕಾದುದು 2017ರಲ್ಲಿ ಪ್ರಕಟವಾದ ‘ಅಟೆಂಡ್’ ಪ್ರಯೋಗ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ನಡೆದ ಆ ಪ್ರಯೋಗದಲ್ಲಿ, ಕುಟುಂಬದವರಿಗೆ ತರಬೇತಿಯಿತ್ತು ಪುನಶ್ಚೇತನವನ್ನು ಅವರಿಗೇ ವಹಿಸಿದಾಗ, ಆರು ತಿಂಗಳ ತರುವಾಯ ಮರಣದಲ್ಲಾಗಲಿ ಪರಾವಲಂಬನೆಯಲ್ಲಾಗಲಿ ಇಳಿಕೆ ಕಂಡುಬರಲಿಲ್ಲ. ಮನೆಯವರ ಅಕ್ಕರೆಯೊಂದೇ ಚಿಕಿತ್ಸಕರ ನೈಪುಣ್ಯಕ್ಕೆ ಬದಲಾಗಲಾರದೆಂಬುದಕ್ಕೆ ಇದು ಒಂದು ಸೂಚನೆ.

ಮಿತಿಗಳು: ಮೆದುಳಿನ ಎಡಭಾಗಕ್ಕೆ ಹಾನಿಯಾಗಿ ಭಾಷಾಶಕ್ತಿ ಕುಂದಿದವರಿಗೂ, ದೃಷ್ಟಿಯ ಒಂದು ಪಾರ್ಶ್ವ ಕಾಣದವರಿಗೂ, ಅಕ್ಷರಜ್ಞಾನವಿಲ್ಲದವರಿಗೂ ಲಿಖಿತ ಸಂದೇಶ ಸಾಕಾಗದಿರಬಹುದು, ಅಂಥವರಿಗೆ ಅವರ ಮಾತೃಭಾಷೆಯ ಧ್ವನಿಸಂದೇಶವೋ ಚಿತ್ರವೋ ಬೇಕು. ಮನೆಯ ಏಕೈಕ ಫೋನು ಮಗನ ಜೇಬಿನಲ್ಲಿ ಹೊರಗೆ ಹೋಗುವಲ್ಲಿ ತಾಯಿಯ ಅಭ್ಯಾಸ ಕುಂಟುತ್ತದೆ. ಮುಖ ಓರೆಯಾಗುವುದು, ತೋಳಿನ ಬಲ ಥಟ್ಟನೆ ಕುಸಿಯುವುದು, ಮಾತು ತೊದಲುವುದು ಮರುಕಳಿಸಿದರೆ, ಸಂದೇಶಕ್ಕೆ ಕಾಯದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮೌಲ್ಯ: ಚಿಕಿತ್ಸಕರು ವಿರಳವಾಗಿರುವ ಪ್ರದೇಶಗಳಲ್ಲಿ, ಪ್ರಯಾಣದ ವೆಚ್ಚವನ್ನೂ ಶ್ರಮವನ್ನೂ ತಪ್ಪಿಸಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತುಹೋಗುವ ಆರೈಕೆಯನ್ನು ಮನೆಯವರೆಗೆ ಮುಂದುವರಿಸುವ ಸಾಮರ್ಥ್ಯ ಈ ವಿಧಾನಕ್ಕುಂಟು. ಆದರೆ ಗುರಿಯು ರೋಗಿಯದೇ ಆಗಿರಬೇಕು, ಉತ್ತರ ಬಾರದ ದಿನ ವಿಚಾರಿಸುವ ಚಿಕಿತ್ಸಕರೂ ಇರಬೇಕು. ಇವೆರಡೂ ಇಲ್ಲದೆಡೆ ಫೋನು ಕೇವಲ ಯಂತ್ರವಾಗಿ ಉಳಿಯುತ್ತದೆ.