ಹಿಜಾಜ್ ಎಂಬ ರಸ್ತೆ: ಗ್ರೀಸಿನಿಂದ ಬೆಳಗಾವಿಯ ಪೆಟ್ಟಿಗೆಯವರೆಗೆ



ಮಹಾಂತೇಶ ನಗರದಲ್ಲಿ ನಮ್ಮ ಮನೆಯ ಹತ್ತಿರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಅಣ್ಣ ತಂದುಕೊಟ್ಟ ಚಿಕ್ಕ ಕೀಬೋರ್ಡಿನ ಮೇಲೆ ಅವಳು ಒಂದು ಗ್ರೀಕ್ ಜನಪದ ಹಾಡಿನ ಸ್ವರಗಳನ್ನು ಕಲಿಯುತ್ತಿದ್ದಳು. ಅದನ್ನು ವಾರ್ಷಿಕೋತ್ಸವದಲ್ಲಿ ನುಡಿಸಬೇಕೆಂಬ ಆಸೆ ಅವಳಿಗೆ. ಆದರೆ ಯಾರೋ "ಅದು ಪರದೇಶದ್ದು, ನಮ್ಮದಲ್ಲ" ಎಂದರಂತೆ. ಹುಡುಗಿ ಕೀಬೋರ್ಡನ್ನು ಕಪಾಟಿನ ಮೇಲೆ ಇಟ್ಟುಬಿಟ್ಟಳು. "ಸರ್, ಹಾಗಾದರೆ ಇದು ಯಾರ ಸಂಗೀತ?" ಎಂದು ನನ್ನನ್ನು ಕೇಳಿದಳು. ಈ ಪ್ರಶ್ನೆಗೆ ಇತಿಹಾಸವೇ ಉತ್ತರ ಹೇಳಬೇಕು.

ಅವಳು ಕಲಿಯುತ್ತಿದ್ದ ಸ್ವರಶ್ರೇಣಿಗೆ ಗ್ರೀಕರು 'ಹಿತ್ಜಾಜ್' ಎನ್ನುತ್ತಾರೆ. ಇದು ಮಕ್ಕಾ, ಮದೀನಾಗಳಿರುವ ಹಿಜಾಜ್ ಪ್ರಾಂತದ ಹೆಸರು. ಅರಬ್ ಮತ್ತು ತುರ್ಕಿ ಸಂಗೀತದಲ್ಲಿ ಹಿಜಾಜ್ ಎಂಬುದು ಪ್ರಸಿದ್ಧ ಮಕಾಮ್. ಅಲ್ಲಿ ಅಜಾನ್ ಮತ್ತು ಕುರ್‌ಆನ್ ಪಠಣವೂ ಈ ಮಕಾಮಿನಲ್ಲಿ ಕೇಳಿಬರುತ್ತದೆ. ಮಕಾಮ್ ಎಂದರೆ ತಂಗುವ ಸ್ಥಳ. ನಮ್ಮ ಭಾಗದಲ್ಲಿ ಪತ್ರದ ವಿಳಾಸಕ್ಕೆ 'ಮು. ಪೋ.' ಎಂದು ಬರೆಯುತ್ತೇವಲ್ಲ, ಆ ಮುಕ್ಕಾಂ ಇದೇ ಶಬ್ದ. ಗ್ರೀಕರು ಇಂಥ ಸ್ವರಶ್ರೇಣಿಯನ್ನು 'ದ್ರೋಮೋಸ್' ಎಂದು ಕರೆಯುತ್ತಾರೆ; ಅಂದರೆ ರಸ್ತೆ.

ಆ ರಸ್ತೆ ಸುಖದ್ದಾಗಿರಲಿಲ್ಲ. ಉಸ್ಮಾನಿಯಾ ಸಾಮ್ರಾಜ್ಯದ ಇಸ್ತಂಬುಲ್, ಸ್ಮಿರ್ನಾದಂಥ ಪಟ್ಟಣಗಳಲ್ಲಿ ಗ್ರೀಕರು, ತುರ್ಕರು, ಅರ್ಮೇನಿಯನ್ನರು, ಯಹೂದಿಗಳು ಒಬ್ಬರಿಂದೊಬ್ಬರು ಸಂಗೀತ ಕಲಿತರು. ಯುದ್ಧದ ನಂತರ 1923ರಲ್ಲಿ ಲೌಸಾನ್ ಎಂಬಲ್ಲಿ ಒಪ್ಪಂದವಾಗಿ ಗ್ರೀಸ್ ಮತ್ತು ತುರ್ಕಿ ತಮ್ಮ ಜನರನ್ನು ಅದಲುಬದಲು ಮಾಡಿಕೊಂಡವು. ಹನ್ನೆರಡು ಲಕ್ಷದಷ್ಟು ಕ್ರೈಸ್ತರು ಗ್ರೀಸಿನ ಪಾಲಾದರು. ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ತುರ್ಕಿಗೆ ಹೋಗಬೇಕಾಯಿತು. ಇದಕ್ಕೆ ಅಳತೆಗೋಲು ಭಾಷೆಯಲ್ಲ, ಧರ್ಮ. ನಿರಾಶ್ರಿತರು ಮನೆ ಹೊಲ ಬಿಟ್ಟರೂ ಹಾಡು ಬಿಡಲಿಲ್ಲ. 1936ರಲ್ಲಿ ಅಧಿಕಾರ ಹಿಡಿದ ಸರ್ವಾಧಿಕಾರಿ ಮೆಟಾಕ್ಸಾಸ್ ಆ ಹಾಡುಗಳಲ್ಲಿ ತುರ್ಕಿ ವಾಸನೆ ಕಂಡು ನಿರ್ಬಂಧ ಹೇರಿದನು. ಆದರೂ ಅವು ಉಳಿದವು. ಅದೇ ಪರಂಪರೆಯ 'ರೆಬೆಟಿಕೋ' ಸಂಗೀತವನ್ನು ಯುನೆಸ್ಕೋ 2017ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಬೆರಳಿಗೆ ಬರೋಣ. ಪಿಯಾನೋ ಇರಲಿ, ಹಾರ್ಮೋನಿಯಂ ಇರಲಿ, ಬಿಳಿ ಒಂದನ್ನು ಷಡ್ಜ ಎಂದು ಹಿಡಿಯಿರಿ. ಬಿಳಿ 1, ಕಪ್ಪು 1, ಬಿಳಿ 3, ಬಿಳಿ 4, ಬಿಳಿ 5, ಕಪ್ಪು 4, ಕಪ್ಪು 5, ಮತ್ತೆ ಮೇಲಿನ ಬಿಳಿ 1. ನಮ್ಮ ಭಾಷೆಯಲ್ಲಿ ರಿಷಭ, ಧೈವತ, ನಿಷಾದ ಮೂರೂ ಕೋಮಲ, ಉಳಿದವು ಶುದ್ಧ. ಕೋಮಲ ರಿಷಭದಿಂದ ಶುದ್ಧ ಗಾಂಧಾರಕ್ಕೆ ಹಾರುವ ದೊಡ್ಡ ಅಂತರವೇ ಇದರ ಗುರುತು. ಹಿಂದುಸ್ತಾನಿಯಲ್ಲಿ ಬಸಂತ್ ಮುಖಾರಿ ರಾಗದ ಸ್ವರಗಳು ಇವೇ. ಕರ್ನಾಟಕ ಸಂಗೀತದಲ್ಲಿ 14ನೆಯ ಮೇಳ ವಕುಲಾಭರಣ. ಕಪ್ಪು 5ರ ಬದಲು ಬಿಳಿ 7 ಒತ್ತಿದರೆ ಗ್ರೀಕರಿಗೆ ಅದು 'ಹಿತ್ಜಾಜ್‌ಕಾರ್', ನಮಗೆ ಭೈರವ, ದಕ್ಷಿಣದವರಿಗೆ ಮಾಯಾಮಾಳವಗೌಳ. ಪುರಂದರದಾಸರು ಮಕ್ಕಳ ಮೊದಲ ಪಾಠಕ್ಕೆ ಆರಿಸಿದರೆಂದು ಪರಂಪರೆ ಹೇಳುವ ರಾಗವೇ ಇದು! ಸ್ವರಗಳು ಒಂದೇ ಆದರೂ ನಡೆ, ನಿಲುಗಡೆ, ಭಾವ ಬೇರೆ ಬೇರೆ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನು ವಾದ್ಯದ ಮಾತು. ನಾವು ಪೆಟ್ಟಿಗೆ ಎನ್ನುವ ಹಾರ್ಮೋನಿಯಂ ಕೂಡ ಪರದೇಶದ್ದೇ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಅದರ ಮನೆಗಳು ಸ್ಥಿರ, ಮೀಂಡ್ ಬಾರದು. ಪಿಯಾನೋದ ಹನ್ನೆರಡು ಸಮ ಭಾಗಗಳಲ್ಲಿ ಗಾಂಧಾರ 400 ಸೆಂಟ್ ಎತ್ತರದಲ್ಲಿರುತ್ತದೆ. ತಂಬೂರಿಯ ಜೊತೆ ಬೆರೆಯುವ ಗಾಂಧಾರ 386ರಷ್ಟು. ಈ ಕೊರತೆಯನ್ನು ನೀಗಿಸಲು ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಅವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರ ಗಾಯನದ ನೆರವಿನಿಂದ ಶ್ರುತಿಗಳನ್ನು ಅಳೆದು 1910ರಲ್ಲಿ ಗ್ರಂಥ ಪ್ರಕಟಿಸಿದರು. ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಅವರೊಡನೆ 'ಶ್ರುತಿ ಹಾರ್ಮೋನಿಯಂ' ಕೂಡ ತಯಾರಾಯಿತು. 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಗಾಯಕರು ಅದನ್ನು ಒಪ್ಪಲಿಲ್ಲ. ಖಾನ್ ಸಾಹೇಬರ ವಿದ್ಯೆ ಮಾತ್ರ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ನಮ್ಮ ನೆಲದಲ್ಲಿ ಬೇರೂರಿತು.

1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಅದು ಸಡಿಲವಾಗಲು 1971 ಬರಬೇಕಾಯಿತು. ಆ ಕಾಲದಲ್ಲೂ ಪೆಟ್ಟಿಗೆಯನ್ನು ಕೈಬಿಡದ ಪಂ. ರಾಮಭಾವು ವಿಜಾಪುರೆಯವರು (1917–2010) ಬೆಳಗಾವಿಯಲ್ಲಿ ದಶಕಗಳ ಕಾಲ ಅದನ್ನು ಕಲಿಸಿದರು. ಇಂದು ಯಾರಾದರೂ ಅದನ್ನು ಪರದೇಶದ ವಾದ್ಯವೆಂದು ಭಜನೆಯಿಂದಲೋ ಕವ್ವಾಲಿಯಿಂದಲೋ ಹೊರಗೆ ಇಡುತ್ತಾರೆಯೇ?

ಅಲ್ಲಿ ಒಂದು ಸ್ವರಶ್ರೇಣಿಯನ್ನು, ಇಲ್ಲಿ ಒಂದು ವಾದ್ಯವನ್ನು 'ನಮ್ಮದಲ್ಲ' ಎಂದರು. ಎರಡನ್ನೂ ಉಳಿಸಿದವರು ಕಲಿತವರು. ವಿದ್ಯೆಗೆ ಹುಟ್ಟಿದ ಊರು ಇರಬಹುದು, ಆದರೆ ಬೇಲಿ ಇಲ್ಲ. ಕಷ್ಟಪಟ್ಟು ಕಲಿತವರೇ ಅದರ ವಾರಸುದಾರರು. ಮನೆಗಳನ್ನು ಒತ್ತುವುದು ಒಂದು ವಾರದ ಕೆಲಸ. ಕಿವಿಯನ್ನು ತಿದ್ದಲು ಗುರು ಬೇಕು, ವರ್ಷಗಳು ಬೇಕು.

ಇಷ್ಟನ್ನು ಆ ಹುಡುಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಕಪ್ಪು 5 ಒತ್ತುವಾಗ ನನ್ನ ಬೆರಳು ಜಾರುತ್ತದೆ" ಎಂದಳು. ಕೀಬೋರ್ಡು ಕಪಾಟಿನಿಂದ ಕೆಳಗಿಳಿದಿತ್ತು.