ಹೊಲವಿಲ್ಲದವರ ಕ್ಷೇತ್ರ

ಶೃಂಗೇರಿಯವರಿಗೆ ಎರಡು ಕ್ಷೇತ್ರ. ಒಂದು ತುಂಗೆಯ ದಡದ ಪುಣ್ಯಕ್ಷೇತ್ರ. ಇನ್ನೊಂದು ಕೊಪ್ಪ, ನರಸಿಂಹರಾಜಪುರಗಳನ್ನೂ ಸೇರಿಸಿಕೊಂಡ ವಿಧಾನಸಭಾ ಕ್ಷೇತ್ರ. ಮೊದಲನೆಯದಕ್ಕೆ ಗಡಿಯಿಲ್ಲ, ಎಲ್ಲಿಂದ ಬಂದು ಕೈಮುಗಿದವರೂ ಅದರೊಳಗಿನವರೇ. ಎರಡನೆಯದಕ್ಕೆ ಹೋಬಳಿಗಳನ್ನು ಎಣಿಸಿ ಎಳೆದ ಗೆರೆಯಿದೆ. ಮೇಲುಕೋಟೆಯದೂ ಇದೇ ಕಥೆ. 2008ರ ಚುನಾವಣೆಗೆ ಮುಂಚೆ ಪಾಂಡವಪುರ ಎನ್ನಿಸಿಕೊಂಡಿದ್ದ ಕ್ಷೇತ್ರ ಅಂದಿನಿಂದ ಚೆಲುವನಾರಾಯಣನ ಊರಿನ ಹೆಸರು ಹೊತ್ತಿದೆ. ದೇವರಿಗೂ ಓಟಿಗೂ ಕನ್ನಡ ಒಂದೇ ಶಬ್ದವನ್ನು ಇಟ್ಟುಕೊಂಡಿದೆ.

ಮೂಲದಲ್ಲಿ ಆ ಶಬ್ದ ದೇವರದ್ದೂ ಅಲ್ಲ, ಓಟಿನದ್ದೂ ಅಲ್ಲ. ಕ್ಷೇತ್ರವೆಂದರೆ ಹೊಲ, ಉತ್ತು ಬಿತ್ತುವ ನೆಲ. ಅಲ್ಲಿಂದ ಅದು ಎಲ್ಲೆಲ್ಲಿಗೋ ನಡೆದಿದೆ. ನೃಪತುಂಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ನೆಲ ಅಳೆಯುವ ಲೆಕ್ಕಗಳನ್ನು ಕ್ಷೇತ್ರಗಣಿತವೆಂದ. ಇಂದಿಗೂ ಶಾಲೆಯ ಮಕ್ಕಳು ಕ್ಷೇತ್ರಫಲ ಕಂಡುಹಿಡಿಯುತ್ತಾರೆ. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ನಮ್ಮ ಮೈಯೇ ಕ್ಷೇತ್ರ, ಅದನ್ನು ಅರಿತವನು ಕ್ಷೇತ್ರಜ್ಞ. ಗುಡಿಗಳಲ್ಲಿ ಕ್ಷೇತ್ರಪಾಲ ಕಾವಲು ನಿಂತ. ತಾಲ್ಲೂಕು ಕೇಂದ್ರದಲ್ಲಿ ಬಿಇಓ ಕಚೇರಿಯ ಬೋರ್ಡು ನೋಡಿ: ಕ್ಷೇತ್ರ ಶಿಕ್ಷಣಾಧಿಕಾರಿ. ಇಷ್ಟೆಲ್ಲ ಸುತ್ತಿದ ಮೇಲೆ ಶಬ್ದ ಮತಗಟ್ಟೆಗೆ ಬಂದಿದೆ.

ನೆರೆಯವರು ಇದನ್ನೇ ಏನೆನ್ನುತ್ತಾರೆ ಎಂದು ನೋಡುವುದು ನನಗೆ ಮುಖ್ಯ ಅನ್ನಿಸುತ್ತದೆ. ತೆಲುಗಿನಲ್ಲಿ ನಿಯೋಜಕವರ್ಗ, ಅಂದರೆ ನೇಮಿಸುವವರ ಬಳಗ. ಮರಾಠಿಯಲ್ಲಿ ಮತದಾರಸಂಘ. ತಮಿಳಿನ ತೊಗುದಿಯಲ್ಲಿ ಒಟ್ಟುಗೂಡಿದ್ದು ಎಂಬ ಅರ್ಥವಿದೆ. ಆ ಹೆಸರುಗಳಲ್ಲಿ ಜನ ಕಾಣುತ್ತಾರೆ, ಇಲ್ಲವೇ ಒಂದು ಕೂಟ ಕಾಣುತ್ತದೆ. ನಾವು, ಹಿಂದಿಯವರ ಹಾಗೆ, ನೆಲವನ್ನು ಹಿಡಿದೆವು. ವಿಧಾನ ಪರಿಷತ್ತಿಗೆ ಬಂದಾಗ ಈ ಆಯ್ಕೆ ಇಕ್ಕಟ್ಟಿಗೆ ಸಿಕ್ಕಿತು. ಅಲ್ಲಿ ಏಳು ಸ್ಥಾನ ಪದವೀಧರರಿಗೆ, ಏಳು ಶಿಕ್ಷಕರಿಗೆ. ಓಟು ಹಾಕುವುದಕ್ಕೆ ಆ ಸೀಮೆಯಲ್ಲಿ ವಾಸವಿದ್ದರೆ ಸಾಲದು, ಓದೋ ಉದ್ಯೋಗವೋ ಬೇಕು. ಆದರೂ ‘ಶಿಕ್ಷಕರ ಕ್ಷೇತ್ರ’ ಎಂದೇ ಬರೆಯುತ್ತೇವೆ. ಒಗ್ಗಿಹೋದ ಶಬ್ದ ಬಿಡುವುದಿಲ್ಲ.

ನೆಲ ಹಿಡಿದ ಈ ಶಬ್ದಕ್ಕೆ ನಮ್ಮ ಇತಿಹಾಸದಲ್ಲೇ ಒಂದು ಹಳೆಯ ಬೇರಿದೆ. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಕರೆದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಹೋದವರು ಭೂಹಿಡುವಳಿದಾರರು ಮತ್ತು ವರ್ತಕರು. 1891ರಲ್ಲಿ ಚುನಾವಣೆ ಬಂದಾಗಲೂ ಆಸ್ತಿಪಾಸ್ತಿಯ ಅಳತೆ ಉಳಿಯಿತು. ಕಂದಾಯ ಕಟ್ಟುವವನ ಮಾತಿಗೇ ತೂಕ. ಹೊಲವಿದ್ದವನಿಗೆ ಪ್ರತಿನಿಧಿಯಿದ್ದ. ಅವನ ಹೊಲದಲ್ಲಿ ಕೂಲಿಗೆ ಬಾಗಿದವಳಿಗೆ ಯಾರೂ ಇರಲಿಲ್ಲ.

1952ರ ಮೊದಲ ಮಹಾಚುನಾವಣೆ ಇದನ್ನು ಬುಡಮೇಲು ಮಾಡಿತು. ಆಗಿನ ಮೈಸೂರು ವಿಧಾನಸಭೆಗೆ 99 ಸ್ಥಾನ. ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ: ಜೀತದವನಿಗೂ, ಅವನ ಧಣಿಗೂ ಸಮಸಮ. ಒಂದು ಗುಂಟೆ ನೆಲವೂ ತನ್ನ ಹೆಸರಿನಲ್ಲಿಲ್ಲದ ಮನುಷ್ಯ ಅಂದು ಒಂದು ಕ್ಷೇತ್ರದ ಹಕ್ಕುದಾರನಾದ. ಹೊಲ ಎಂಬ ಅರ್ಥದ ಶಬ್ದ ಹೊಲವೇ ಇಲ್ಲದವರ ಪಾಲಿಗೆ ಬಂದದ್ದು ಹಾಗೆ. ಈ ಶಬ್ದ ಕಂಡ ದಿನಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ. ಉಳುವವನೇ ಹೊಲದೊಡೆಯ ಎಂಬ ಮಾತು ದೇವರಾಜ ಅರಸರ ಕಾಲದಲ್ಲಿ ಕಾನೂನಾಗುವುದಕ್ಕೆ ಇನ್ನೂ ಇಪ್ಪತ್ತೆರಡು ವರ್ಷ ಕಾಯಬೇಕಿತ್ತು. ಓಟಿನ ಹೊಲ ಮೊದಲು ಸಿಕ್ಕಿತು, ಮಣ್ಣಿನ ಹೊಲ ಆಮೇಲೆ, ಅದೂ ಎಲ್ಲರಿಗೂ ಅಲ್ಲ.

ಆ ಕಾಲದಲ್ಲಿ ಕೆಲವು ಕ್ಷೇತ್ರಗಳಿಂದ ಇಬ್ಬರು ಶಾಸಕರು ಬರುತ್ತಿದ್ದರು, ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಮೀಸಲು. 1961ರ ಕಾಯ್ದೆ ಅದನ್ನು ನಿಲ್ಲಿಸಿತು. ಈಗ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ. 2008ಕ್ಕೆ ಮುಂಚೆ ಪಂಗಡಕ್ಕೆ ಇದ್ದದ್ದು ಎರಡೇ ಎಂಬುದನ್ನು ಹೊಸಬರು ನಂಬುವುದಿಲ್ಲ.

ಇನ್ನು ಇಂದಿನ ಬಳಕೆಗೆ ಬರೋಣ. ಶಾಸಕರ ಭವನದಲ್ಲಿ ವಿಚಾರಿಸಿದರೆ “ಸಾಹೇಬ್ರು ಕ್ಷೇತ್ರಕ್ಕೆ ಹೋಗಿದಾರೆ” ಎನ್ನುತ್ತಾರೆ. ಊರಿನ ಮನೆಯ ಮುಂದೆ ಅರ್ಜಿ ಹಿಡಿದು ನಿಂತರೆ ಮೊದಲ ಪ್ರಶ್ನೆ: “ನೀವು ನಮ್ಮ ಕ್ಷೇತ್ರದವರಾ?” ಈ ಎರಡರಲ್ಲಿ ತಪ್ಪೇನೂ ಇಲ್ಲ. ಪತ್ರಿಕೆಗಳ ಬಳಕೆ ನನ್ನನ್ನು ಕಾಡುತ್ತದೆ. ‘ಕ್ಷೇತ್ರ ಬಿಟ್ಟುಕೊಟ್ಟರು’, ‘ಸುರಕ್ಷಿತ ಕ್ಷೇತ್ರದ ಹುಡುಕಾಟ’, ‘ಮಗನಿಗಾಗಿ ಕ್ಷೇತ್ರ ತ್ಯಾಗ’. ಈ ವಾಕ್ಯಗಳಲ್ಲಿ ಎರಡು ಲಕ್ಷ ಮತದಾರರು ಖಾತೆ ಬದಲಾಯಿಸುವ ಜಮೀನಾಗಿದ್ದಾರೆ. ಮಗನಿಗೆ ಕೊಡಲು, ತ್ಯಾಗ ಮಾಡಲು ಅದು ಇವರದೇ? ನೆಲದ ಶಬ್ದ ಆರಿಸಿಕೊಂಡದ್ದಕ್ಕೆ ನಾವು ತೆರುತ್ತಿರುವ ಕಂದಾಯ ಇದು. ಮತದಾರಸಂಘವನ್ನು ಮಗನಿಗೆ ಬಿಟ್ಟುಕೊಡುವುದು ಎಂದು ಹೇಳಿ ನೋಡಿ, ನಾಲಿಗೆ ತಡೆಯುತ್ತದೆ.

ಹೊರಗಿನಿಂದ ಬಂದು ನಿಲ್ಲುವವರ ಬಗ್ಗೆ ಕಾನೂನಿಗೆ ತಕರಾರಿಲ್ಲ. ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಎಲ್ಲಿ ಬೇಕಾದರೂ ನಿಲ್ಲಬಹುದು. ಹೆಚ್ಚೆಂದರೆ ಎರಡು ಕಡೆ. 2018ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ ಸೋತರು, ದೂರದ ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. 2023ರಲ್ಲಿ ವಿ. ಸೋಮಣ್ಣ ವರುಣ, ಚಾಮರಾಜನಗರ ಎರಡರಲ್ಲೂ ಸೋತರು. ಬಾದಾಮಿಯ ಜನ ಒಪ್ಪಿದ್ದನ್ನು ಚಾಮರಾಜನಗರದ ಜನ ಒಪ್ಪಲಿಲ್ಲ. ಎರಡು ಕಡೆಯೂ ತೀರ್ಪು ಹೊಲದ್ದೇ. ಮನುಸ್ಮೃತಿಯಲ್ಲಿ ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂಬ ಚರ್ಚೆಯೊಂದಿದೆ: ಅನ್ಯರ ಹೊಲದಲ್ಲಿ ಬಿತ್ತಿದವನಿಗೆ ಬೆಳೆಯಿಲ್ಲ, ಅದು ಹೊಲದೊಡೆಯನದು.

ಆದರೆ ಆ ಚರ್ಚೆ ಹೊಲದ ಬಗ್ಗೆ ಅಲ್ಲ. ಅಲ್ಲಿ ಕ್ಷೇತ್ರವೆಂದರೆ ಹೆಂಡತಿ. ಪತಿಯ ಒಪ್ಪಿಗೆಯಿಂದ ಬೇರೆಯವನಿಂದ ಹುಟ್ಟಿದ ಮಗ ‘ಕ್ಷೇತ್ರಜ’. ಪಾಂಡವರು ಹಾಗೆ ಹುಟ್ಟಿದವರು. ಹೆಣ್ಣನ್ನು ಉಳುವ ನೆಲವೆಂದು ಬಗೆದ ಈ ನೆನಪು ಶಬ್ದದ ಒಳಗೆ ಇನ್ನೂ ಇದೆ, ಅದನ್ನು ಮುಚ್ಚಿಡಬಾರದು. ಏಕೆಂದರೆ 2023ರಲ್ಲಿ 224 ಕ್ಷೇತ್ರಗಳಿಂದ ಗೆದ್ದು ಬಂದ ಹೆಂಗಸರು ಹತ್ತು ಮಂದಿ. ಗಂಡಸರು ತಾವು ಹುಟ್ಟಿ ಬೆಳೆದ ಕಡೆಯನ್ನು ‘ತವರು ಕ್ಷೇತ್ರ’ ಎಂದು ಕರೆದುಕೊಳ್ಳುತ್ತಾರೆ. ಹೆಣ್ಣಿನ ತವರೆಂಬ ಮಾತನ್ನೂ ಅವರೇ ತೆಗೆದುಕೊಂಡರು, ಸ್ಥಾನವನ್ನೂ. ಮಹಿಳೆಯರಿಗೆ ಮೂರರಲ್ಲೊಂದು ಪಾಲು ಕೊಡುವ 2023ರ ಸಂವಿಧಾನ ತಿದ್ದುಪಡಿ, ಅದನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಗಂಟುಹಾಕಿತು. ಹಾಗಾಗಿ ಗೆರೆ ಎಳೆಯುವ ಕೆಲಸ ಈಗ ಬರಿಯ ನಕ್ಷೆಯದಲ್ಲ.

ಗೆರೆ ಕದಲಿದರೆ ಏನಾಗುತ್ತದೆ ಎಂಬುದಕ್ಕೆ ಸಂತೇಮರಹಳ್ಳಿ ಸಾಕ್ಷಿ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. ನನ್ನೊಬ್ಬನ ಓಟಿನಿಂದ ಏನಾದೀತು ಎನ್ನುವವರಿಗೆ ಇಂದಿಗೂ ಹೇಳುವ ಉದಾಹರಣೆ ಅದು. ನಾಲ್ಕೇ ವರ್ಷದಲ್ಲಿ ಆ ಹೆಸರಿನ ಕ್ಷೇತ್ರವೇ ಇಲ್ಲವಾಯಿತು. ಸಾತನೂರು ಹೋಯಿತು, ಬಿನ್ನಿಪೇಟೆ ಹೋಯಿತು, ಉತ್ತರಹಳ್ಳಿ ಹೋಯಿತು. ವರುಣ, ಪದ್ಮನಾಭನಗರ, ಮಹದೇವಪುರ ಹುಟ್ಟಿದವು. ಊರುಗಳು ಇದ್ದಲ್ಲೇ ಇವೆ, ಸಂತೆಯೂ ಕೆರೆಯೂ ಇವೆ. ಇಲ್ಲವಾದದ್ದು ಹತ್ತಾರು ವರ್ಷ ಒಟ್ಟಿಗೆ ಒಬ್ಬರನ್ನು ಕಳಿಸಿದ, ಒಬ್ಬರನ್ನೇ ಬೈದ ಜನರ ಕೂಟ. ನೆಲ ಉಳಿದು ಕ್ಷೇತ್ರ ಹೋಗುವುದಾದರೆ ಕ್ಷೇತ್ರ ನೆಲವಾಗಿರಲಿಲ್ಲ ಎಂದಾಯಿತು.

ಹಾಗೆಂದು ತಲೆ ಎಣಿಸುವುದೊಂದೇ ನ್ಯಾಯ ಎನ್ನಲಾರೆ. 2023ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತದಾರರು ಏಳು ಲಕ್ಷದ ಆಸುಪಾಸು. ಶೃಂಗೇರಿಯಲ್ಲಿ ಎರಡು ಲಕ್ಷಕ್ಕೂ ಕಡಿಮೆ. ಸದನದಲ್ಲಿ ಎರಡಕ್ಕೂ ಒಂದೊಂದೇ ಕುರ್ಚಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೂ ಸಮ, ವರ್ಷಕ್ಕೆ 2 ಕೋಟಿ ರೂಪಾಯಿ. ಬೆಂಗಳೂರು ದಕ್ಷಿಣದವರು ತಮ್ಮ ಓಟಿನ ಬೆಲೆ ಕಾಲುಭಾಗಕ್ಕೆ ಇಳಿದಿದೆ ಎಂದರೆ ಸುಳ್ಳಲ್ಲ. ಮಲೆನಾಡಿನವರು ಹೇಳುವುದೂ ಸುಳ್ಳಲ್ಲ: ಅಲ್ಲಿ ಮನೆಗೊಂದು ಗುಡ್ಡ, ಹಳ್ಳಕ್ಕೊಂದು ಕಾಲುಸಂಕ. ಮಳೆಗಾಲದಲ್ಲಿ ನೂರು ಮನೆ ಮುಟ್ಟಲು ಒಂದು ದಿನ ಸಾಲದು. ಜನರ ಲೆಕ್ಕವನ್ನೇ ಹಿಡಿದರೆ ಈ ಮೂರೂ ತಾಲ್ಲೂಕುಗಳಿಗೆ ಇನ್ನಷ್ಟು ಸೀಮೆ ಸೇರಿ, ಒಬ್ಬ ಶಾಸಕ ಇನ್ನೂ ದೂರದವನಾಗುತ್ತಾನೆ. ಜನಸಂಖ್ಯೆಯ ಪ್ರಮಾಣ ‘ಸಾಧ್ಯವಾದಷ್ಟು ಮಟ್ಟಿಗೆ’ ಸಮನಾಗಿರಲಿ ಎನ್ನುತ್ತದೆ ಸಂವಿಧಾನದ 170ನೇ ವಿಧಿ. ಆ ‘ಸಾಧ್ಯವಾದಷ್ಟು’ ಎಂಬಲ್ಲಿ ಗುಡ್ಡ, ಹೊಳೆ, ಬಸ್ಸಿಲ್ಲದ ದಾರಿ ಎಲ್ಲಕ್ಕೂ ಜಾಗವಿದೆ. ಇಲ್ಲಿ ಮಾತ್ರ ಕನ್ನಡ ನೆಲವನ್ನು ಬಿಡದೆ ಹಿಡಿದದ್ದು ಒಳ್ಳೆಯದಾಯಿತು ಎನ್ನಿಸುತ್ತದೆ.

ಸ್ಥಾನಗಳ ಸಂಖ್ಯೆ 1978ರ ಚುನಾವಣೆಯಿಂದ 224ಕ್ಕೇ ನಿಂತಿದೆ. 2026ರ ನಂತರದ ಮೊದಲ ಜನಗಣತಿಯವರೆಗೆ ಅದನ್ನು ಮುಟ್ಟಬಾರದೆಂದು 84ನೇ ತಿದ್ದುಪಡಿ ಕಟ್ಟಿಹಾಕಿತ್ತು. ಕಳೆದ ಸಲದ ಮರುವಿಂಗಡಣೆ ಆಯೋಗ ಮೊದಲು ಕರಡು ಪ್ರಕಟಿಸಿ, ಆಕ್ಷೇಪ ಕರೆದು, ಸಾರ್ವಜನಿಕ ಸಭೆಗಳಲ್ಲಿ ಕೇಳಿಸಿಕೊಂಡಿತು. ಅಂತಿಮ ಆದೇಶ ಹೊರಬಿದ್ದ ಮೇಲೆ ಅದನ್ನು ಪ್ರಶ್ನಿಸಲು ನ್ಯಾಯಾಲಯದ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಮತದಾರ ಬಾಯಿ ತೆರೆಯಲು ಇರುವುದು ಆ ಸಭೆಯೊಂದೇ. ಪಕ್ಷದವರು ಅಲ್ಲಿಗೆ ಜಾತಿಯ ಪಟ್ಟಿ ಹಿಡಿದು ಹೇಗೂ ಹೋಗುತ್ತಾರೆ. ಹೋಬಳಿಯ ಹೆಂಗಸರ ಸಂಘದವರು, ಹಾಲಿನ ಡೇರಿಯವರು, ಶಾಲೆಯ ಮೇಷ್ಟ್ರು ಹೋಗಬೇಕು. ನಮ್ಮ ಸಂತೆ ಯಾವ ಕಡೆ, ಆಸ್ಪತ್ರೆ ಯಾವ ಕಡೆ, ಮಕ್ಕಳ ಕಾಲೇಜು ಯಾವ ಕಡೆ, ನಮ್ಮನ್ನು ಯಾರ ಜೊತೆ ಸೇರಿಸಿದರೆ ಒಂದು ಮಾತಾಗಿ ಒಬ್ಬರನ್ನು ಕಳಿಸಬಲ್ಲೆವು ಎಂಬುದನ್ನು ಬರೆದು, ಸಹಿ ಹಾಕಿ, ಕೈಗೆ ಕೊಟ್ಟು, ಸ್ವೀಕೃತಿ ಪಡೆದು ಬರಬೇಕು.