ಲಯಕ್ಕೆ ಕೈಹಾಕಿದರೆ ಶ್ರುತಿ ಜಾರುತ್ತಿತ್ತು: ಡೌನ್‌ಟೆಂಪೊ ಮಿಕ್ಸಿಂಗ್ ಕುರಿತು ಒಂದು ಟಿಪ್ಪಣಿ

ಎರಡು ಹಾಡುಗಳ ವೇಗವನ್ನು ಸರಿಹೊಂದಿಸುವ ಬೀಟ್ ಮ್ಯಾಚಿಂಗ್ ಮತ್ತು ಶ್ರುತಿಯನ್ನು ಹೊಂದಿಸುವ ಹಾರ್ಮೋನಿಕ್ ಮಿಕ್ಸಿಂಗ್ ಎರಡನ್ನೂ ಬೇರೆ ಬೇರೆ ಕಥೆಗಳಾಗಿ ಹೇಳುವುದು ರೂಢಿ. ವಿನೈಲ್ ರೆಕಾರ್ಡಿನ ಕಾಲದಲ್ಲಿ ಇವೆರಡೂ ಒಂದೇ ಸಮಸ್ಯೆಯಾಗಿದ್ದವು. ಆ ಸಮಸ್ಯೆ ಹೆಚ್ಚು ಕಾಡಿದ್ದು ನಿಧಾನಗತಿಯ ಡೌನ್‌ಟೆಂಪೊ ಸಂಗೀತವನ್ನು ಎಂಬುದು ಈ ಲೇಖನದ ವಾದ.

ಬೀಟ್ ಮ್ಯಾಚಿಂಗನ್ನು ನೃತ್ಯಶಾಲೆಯ ಕಲೆಯಾಗಿ ರೂಢಿಸಿದ ಶ್ರೇಯ ಫ್ರಾನ್ಸಿಸ್ ಗ್ರಾಸೊಗೆ ಸಲ್ಲುತ್ತದೆ. 1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಸ್ಯಾಂಕ್ಚುಯರಿ ಕ್ಲಬ್ಬಿನಲ್ಲಿ ಆತ ನುಡಿಸುತ್ತಿದ್ದ ಸೋಲ್ ಮತ್ತು ರಾಕ್ ರೆಕಾರ್ಡುಗಳಲ್ಲಿ ಡ್ರಮ್ ಬಾರಿಸಿದವರು ಮನುಷ್ಯರು. ಲಯ ಹಾಡಿನೊಳಗೇ ತುಸು ಹಿಂದೆಮುಂದೆ ಆಗುತ್ತಿತ್ತು, ಅದನ್ನು ಕಿವಿಯಿಂದಲೇ ಹಿಡಿಯಬೇಕಿತ್ತು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ಈ ಕೆಲಸವನ್ನು ಸ್ಥಿರಗೊಳಿಸಿತು. ಅದರ ಪಿಚ್ ಸ್ಲೈಡರ್ ವೇಗವನ್ನು ಶೇ. 8ರಷ್ಟು ಏರಿಸಬಲ್ಲದು, ಅಷ್ಟೇ ಇಳಿಸಬಲ್ಲದು. ಆದರೆ ತಟ್ಟೆ ಜೋರಾಗಿ ತಿರುಗಿದಷ್ಟೂ ಸ್ವರವೂ ಏರುತ್ತದೆ. ವೇಗ ಹೆಚ್ಚುಕಡಿಮೆ ಶೇ. 6 ಏರಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆ, ಅಂದರೆ ಒಂದು ಸೆಮಿಟೋನ್, ಮೇಲೆ ಸರಿಯುತ್ತದೆ.

ಇಲ್ಲಿ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 125 ಬಿಪಿಎಂನ (ನಿಮಿಷಕ್ಕೆ 125 ಬೀಟ್‌ಗಳ) ಹೌಸ್ ಹಾಡನ್ನು 130ಕ್ಕೆ ತರಲು ಶೇ. 4 ಸಾಕು. ಅದೇ ಐದು ಬೀಟ್‌ಗಳ ಅಂತರವನ್ನು 85ರಿಂದ 90ಕ್ಕೆ ದಾಟಿಸಲು ಸುಮಾರು ಶೇ. 5.9 ಬೇಕು. ಅದು ಬಹುತೇಕ ಪೂರ್ತಿ ಒಂದು ಸೆಮಿಟೋನ್. ಎ ಮೈನರ್‌ನಲ್ಲಿರುವ 85ರ ಹಾಡು 90ಕ್ಕೆ ಬರುವಷ್ಟರಲ್ಲಿ ಬಿ ಫ್ಲಾಟ್ ಮೈನರ್ ಆಗಿರುತ್ತದೆ. ಎ ಮೈನರ್‌ನ ಇನ್ನೊಂದು ಹಾಡಿನ ಮೇಲೆ ಅದನ್ನಿಟ್ಟರೆ ಕರ್ಕಶವಾಗುತ್ತದೆ. ಮೂಲದಲ್ಲಿ ಜಿ ಶಾರ್ಪ್ ಮೈನರ್ ಆಗಿದ್ದ 85ರ ಹಾಡೊಂದು ಮಾತ್ರ ಏರಿ ಬಂದು ಸರಿಯಾಗಿ ಕೂರುತ್ತದೆ. ಡೌನ್‌ಟೆಂಪೊ ಹಾಡುಗಳಲ್ಲಿ ತಾಳವಾದ್ಯ ವಿರಳ, ಎಳೆದು ನಿಲ್ಲುವ ಸ್ವರಗಳೇ ಹೆಚ್ಚು. ಅಪಶ್ರುತಿಯನ್ನು ಮರೆಸಲು ಡ್ರಮ್ಮಿನ ಗದ್ದಲ ಅಲ್ಲಿರುವುದಿಲ್ಲ. 80 ಮತ್ತು 95ರ ಎರಡು ಹಾಡುಗಳನ್ನು, ಒಂದೇ ತಟ್ಟೆಯ ವೇಗವನ್ನು ಬದಲಿಸಿ, ಆ ಸ್ಲೈಡರಿನಿಂದ ಕೂಡಿಸುವುದು ಸಾಧ್ಯವೇ ಇರಲಿಲ್ಲ.

ಕಲಾವಿದರು ಇದಕ್ಕೆ ಬೇರೆ ಬೇರೆ ದಾರಿ ಹುಡುಕಿಕೊಂಡರು. 1989ರಲ್ಲಿ ಲಂಡನ್ನಿನ ಹೆವನ್ ಕ್ಲಬ್ಬಿನ ಚಿಲ್-ಔಟ್ ಕೋಣೆಯಲ್ಲಿ ಅಲೆಕ್ಸ್ ಪ್ಯಾಟರ್ಸನ್ ಮತ್ತು ಜಿಮ್ಮಿ ಕಾಟಿ ತಾಳವಿಲ್ಲದ ಧ್ವನಿಗಳನ್ನು ಒಂದರ ಮೇಲೊಂದು ಹರಡಿದರು. ತಾಳವೇ ಇಲ್ಲದ ಕಡೆ ವೇಗ ಹೊಂದಿಸುವ ಪ್ರಶ್ನೆ ಏಳುವುದಿಲ್ಲ. ವಿಯೆನ್ನಾದ ಕ್ರೂಡರ್ ಮತ್ತು ಡಾರ್ಫ್‌ಮೈಸ್ಟರ್ 1996ರ ಡಿಜೆ-ಕಿಕ್ಸ್ ಸಂಕಲನದಲ್ಲಿ ನಿಧಾನಗತಿಯ ಹಾಡುಗಳ ಜೊತೆಗೆ ಡ್ರಮ್ ಆ್ಯಂಡ್ ಬಾಸನ್ನೂ ಬಳಸಿದರು. 85 ಮತ್ತು 170 ಕೈಹಿಡಿದು ನಡೆಯಬಲ್ಲವು ಎಂಬ ದುಪ್ಪಟ್ಟಿನ ಲೆಕ್ಕ ಆ ಎರಡು ಪ್ರಕಾರಗಳನ್ನು ಸಹಜವಾಗಿ ಹತ್ತಿರ ತರುತ್ತದೆ.

ಶ್ರುತಿಯ ಕಡೆಯ ಸಿದ್ಧತೆ ಹಳೆಯದು. ಹನ್ನೆರಡು ಶ್ರುತಿಗಳನ್ನು ಪಂಚಮದ ಅಂತರದಲ್ಲಿ ವೃತ್ತವಾಗಿ ಜೋಡಿಸುವ ಕ್ರಮವನ್ನು ಜರ್ಮನಿಯ ಹೈನಿಖೆನ್ 18ನೇ ಶತಮಾನದ ಆರಂಭದಲ್ಲೇ ಪ್ರಕಟಿಸಿದ್ದ. ಮಾರ್ಕ್ ಡೇವಿಸ್ ರೂಪಿಸಿದ ಕ್ಯಾಮೆಲಾಟ್ ಚಕ್ರ ಅದನ್ನೇ ಗಡಿಯಾರದ ಅಂಕಿಗಳಿಗೆ ಇಳಿಸಿತು: ಎ ಮೈನರ್ 8ಎ, ಸಿ ಮೇಜರ್ 8ಬಿ, ಪಕ್ಕದ ಅಂಕಿಗಳು ಪರಸ್ಪರ ಹೊಂದುವಂಥವು. ಒಂದು ಸೆಮಿಟೋನ್ ಏರಿದರೆ ಚಕ್ರದಲ್ಲಿ ಏಳು ಮನೆ ದಾಟಿದಂತೆ, 8ಎ ಹೋಗಿ 3ಎ. ಸ್ಲೈಡರಿನ ಸಣ್ಣ ಚಲನೆ ಎಷ್ಟು ದೂರ ಒಯ್ಯುತ್ತದೆ ಎಂಬುದು ಇದರಿಂದ ಸ್ಪಷ್ಟ.

ವೇಗ ಮತ್ತು ಶ್ರುತಿಯನ್ನು ಬೇರ್ಪಡಿಸುವ ವಿಜ್ಞಾನ ಪ್ರಯೋಗಾಲಯದಲ್ಲಿ ಮೊದಲೇ ಇತ್ತು. ಬೆಲ್ ಲ್ಯಾಬ್ಸ್‌ನ ಫ್ಲ್ಯಾನಗನ್ ಮತ್ತು ಗೋಲ್ಡನ್ 1966ರಲ್ಲೇ ಫೇಸ್ ವೊಕೋಡರನ್ನು ವಿವರಿಸಿದ್ದರು. ಅಂಥ ಅನುಕೂಲ ಡಿಜೆಗಳ ಕೈಗೆ ಸಿಕ್ಕಿದ್ದು ತಡವಾಗಿ, ಶ್ರುತಿ ಉಳಿಸಿ ವೇಗ ಬದಲಿಸುವ ಸಿಡಿ ಪ್ಲೇಯರ್‌ಗಳು ಮತ್ತು 2001ರ ಏಬಲ್‌ಟನ್ ಲೈವ್‌ನಂಥ ತಂತ್ರಾಂಶಗಳು ಬಂದಾಗ. ಶ್ರುತಿಯನ್ನು ತಾನೇ ಗುರುತಿಸುವ ಮಿಕ್ಸ್ಡ್ ಇನ್ ಕೀ ಆ ದಶಕದಲ್ಲೇ ಕ್ಯಾಮೆಲಾಟ್ ಅಂಕಿಗಳನ್ನು ಎಲ್ಲರ ಪರದೆಗೂ ತಂದಿತು.

ಹೀಗಾಗಿ ವಿನೈಲ್ ಕಾಲದ ಡೌನ್‌ಟೆಂಪೊ ಮಿಕ್ಸ್‌ಗಳನ್ನು ಅಧ್ಯಯನ ಮಾಡುವವರು ಹಾಡಿನ ಮೂಲ ಶ್ರುತಿಯನ್ನು ಪಟ್ಟಿಯಿಂದ ಎತ್ತಿಕೊಳ್ಳಬಾರದು. ಮಿಕ್ಸ್‌ನಲ್ಲಿ ಅದು ಯಾವ ವೇಗದಲ್ಲಿ, ಯಾವ ಶ್ರುತಿಯಲ್ಲಿ ಕೇಳಿಸುತ್ತದೆ ಎಂಬುದನ್ನೇ ಅಳೆದು ದಾಖಲಿಸಬೇಕು.